ಸತ್ತ ರಾಣಿಗೆ ದನಿ ಕೊಟ್ಟವಳು

ಆ ಪುಸ್ತಕದಲ್ಲಿ ತಾಯಿ ಸಾಯುವುದು ಮೂರನೆಯ ಪುಟದಲ್ಲಿ. ಮಗಳು ಅಳುವುದು ಅರ್ಧ ಪುಟ. ಉಳಿದರ್ಧದಲ್ಲಿ ಅವಳ ಕಣ್ಣು ನೇರಳೆ ಬಣ್ಣಕ್ಕೆ ತಿರುಗಿ, ಬೆರಳ ತುದಿಯಿಂದ ಬೆಂಕಿ ಹೊರಡುತ್ತದೆ. ಅಲ್ಲಿಗೆ ದುಃಖದ ಕೆಲಸ ಮುಗಿಯಿತು. ಇನ್ನೇನಿದ್ದರೂ ಯುದ್ಧ.

ಅದನ್ನು ಗಟ್ಟಿಯಾಗಿ ಓದುವುದು ಈ ಕಥೆಯವಳ ಕೆಲಸ. ಜನ ಪುಸ್ತಕವನ್ನು ಫೋನಿನಲ್ಲಿ ಹಾಕಿಕೊಂಡು ಕೇಳಲು ಶುರುಮಾಡಿದ ಮೇಲೆ ಹುಟ್ಟಿದ ಕಸುಬು. ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗಂಟಲು ಎಂದೇ ಕರೆಯುತ್ತಿದ್ದರು. ‘ಗಂಟಲು ಬಂತಾ?’ ‘ಗಂಟಲಿಗೆ ಬಿಸಿನೀರು ಕೊಟ್ರಾ?’ ಗಾಜಿನ ಆಚೆ ಕೂತು ದನಿ ಮುದ್ರಿಸಿಕೊಳ್ಳುವವನಿಗೆ ಕಿವಿ ಎಂದು ಹೆಸರು. ಎರಡನ್ನೂ ಇಟ್ಟವನು ಸ್ಟುಡಿಯೋದ ಮಾಲೀಕ. ಗಂಟಲಿಗೂ ಕಿವಿಗೂ ಒಂದೊಂದು ಹೊಟ್ಟೆಯಿದೆ ಎಂಬುದು ಅವನಿಗೆ ನೆನಪಾಗುತ್ತಿದ್ದದ್ದು ಅಪರೂಪ.

ಅವಳು ಓದುವ ಪೆಟ್ಟಿಗೆಯಂಥ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಮೈಕು, ಗೋಡೆ ತುಂಬ ಬೂದು ಸ್ಪಂಜು. ಸದ್ದು ಮಾಡುತ್ತದೆಂದು ಫ್ಯಾನಿಲ್ಲ. ಅವಳು ಚಪ್ಪಲಿ ಹೊರಗೆ ಬಿಟ್ಟು, ಸರಸರ ಎನ್ನದಷ್ಟು ಹಳೆಯ ಬಟ್ಟೆ ತೊಟ್ಟು ಒಳಗೆ ಹೋಗುತ್ತಿದ್ದಳು. ನಾಲಿಗೆ ಅಂಟದಿರಲೆಂದು ಆಗಾಗ ಹುಳಿ ಸೇಬನ್ನು ಒಂದು ಕಚ್ಚು ಕಚ್ಚಿ ಇಡುವಳು. ಪುಟ ತಿರುವುವಾಗ ಉಸಿರು ಹಿಡಿಯುವಳು. ಮಧ್ಯಾಹ್ನ ಹತ್ತಿರವಾದಾಗ ಕಿವಿಯ ದನಿ ಹೆಡ್‌ಫೋನಿನಲ್ಲಿ ಬರುತ್ತಿತ್ತು: “ಅಕ್ಕಾ, ರಾಜಕುಮಾರಿ ಮಧ್ಯೆ ನಿಮ್ಮ ಹೊಟ್ಟೆ ಡೈಲಾಗ್ ಹೇಳ್ತು. ಇನ್ನೊಂದ್ಸಲ.”

ಒಂದೊಂದು ಪಾತ್ರಕ್ಕೆ ಒಂದೊಂದು ದನಿ ಬೇಕಲ್ಲ, ಅದಕ್ಕೆ ಅವಳ ದಾರಿ ಶುದ್ಧ ಕಳ್ಳತನ. ಮಾಂತ್ರಿಕನ ದನಿ ಅವಳ ಹಲ್ಲಿನ ಡಾಕ್ಟರರದು. ಡ್ರ್ಯಾಗನ್ ಮಾತಾಡುತ್ತಿದ್ದದ್ದು ಮನೆ ಮಾಲೀಕ ನೀರಿನ ಪೈಪಿನ ವಿಷಯಕ್ಕೆ ಕೂಗಾಡುವ ಹಾಗೆ. ದುಷ್ಟ ಮಂತ್ರಿಗೆ ಅವಳು ಕೊಟ್ಟದ್ದು ಮೇಲಿನ ಮಹಡಿಯಲ್ಲಿದ್ದ ಸ್ವಂತ ಚಿಕ್ಕಮ್ಮನ ದನಿ. ಚಿಕ್ಕಮ್ಮ ಅದನ್ನು ಕೇಳಿ, “ಆ ಮಂತ್ರಿದು ಎಂಥಾ ಹಾಳು ದನಿ ಕಣೇ, ಮೈಯೆಲ್ಲಾ ಉರಿಯುತ್ತೆ” ಅಂದಿದ್ದಳು. ಇವಳು ಹೌದೆಂದು ತಲೆಯಾಡಿಸಿದ್ದಳು.

ಅವಳು ಓದದ ಬಗೆಯಿಲ್ಲ. ಹಣ ಮಾಡುವ ಪುಸ್ತಕ, ಹೊಟ್ಟೆ ಕರಗಿಸುವ ಪುಸ್ತಕ, ಗಂಡನನ್ನು ಹಿಡಿದಿಡುವ ಪುಸ್ತಕ. ಎಲ್ಲವನ್ನೂ ಅವಳು ತಾತ್ಸಾರದಿಂದಲೇ ಓದುತ್ತಿದ್ದಳು, ತಾತ್ಸಾರ ದನಿಗೆ ತಾಗದ ಹಾಗೆ ಓದುತ್ತಿದ್ದಳು. ಆದರೆ ಕಾಲೇಜು ಹುಡುಗ ಹುಡುಗಿಯರಿಗೆಂದು ಬರೆದ ಮಾಯಾಲೋಕದ ಕಾದಂಬರಿಗಳನ್ನು ಕಂಡರೆ ಅವಳಿಗೆ ಆಗುತ್ತಿದ್ದದ್ದು ತಾತ್ಸಾರವಲ್ಲ, ಅಸಹ್ಯ. ಅಲ್ಲಿ ಯಾರ ತಲೆ ಕೆಟ್ಟರೂ ಅದು ವರ. ಕಾಣದವರ ಮಾತು ಕೇಳಿಸಿದರೆ ಅವರು ಪೂರ್ವಜರು. ನಿದ್ದೆ ಬಾರದಿದ್ದರೆ ಚಂದ್ರ ಕರೆಯುತ್ತಿದ್ದಾನೆ. ಹಾಸಿಗೆ ಬಿಟ್ಟು ಏಳದಿದ್ದರೆ ರೆಕ್ಕೆ ಮೂಡುತ್ತಿದೆ. ಅರಮನೆಯ ವೈದ್ಯ ಹುಟ್ಟಾ ಕೆಟ್ಟವನು, ಅವನ ಔಷಧಿ ಬೂದು ಬಣ್ಣದ್ದು, ಅದನ್ನು ಉಗಿದವಳೇ ನಾಯಕಿ.

ಅವಳ ಮನೆಯಲ್ಲಿ ಯಾರಿಗೂ ರೆಕ್ಕೆ ಮೂಡಿರಲಿಲ್ಲ. ಅವಳ ತಮ್ಮನಿಗೆ ಕಾಲೇಜಿನ ಎರಡನೆಯ ವರ್ಷ ತಾವಿದ್ದ ಕಟ್ಟಡದ ಲಿಫ್ಟು ತನ್ನ ವಿಷಯ ಮಾತಾಡುತ್ತಿದೆ ಎನ್ನಿಸಿತು. ಮೊದಲು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದ. ಆಮೇಲೆ ಮೆಟ್ಟಿಲೂ ಬಿಟ್ಟು ಬಚ್ಚಲುಮನೆಯಲ್ಲಿ ದೀಪ ಆರಿಸಿ ಕೂತ. ಬಾಗಿಲಾಚೆ ಅಮ್ಮ ಒಂದು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ತಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಯಾರ ಅಂಗಿಯ ಜೇಬಲ್ಲಿ ಏನೇನು ಸಿಕ್ಕಿತು ಎಂದು ಹೇಳುತ್ತ ಕೂತಿರುತ್ತಿದ್ದಳು. ಆಸ್ಪತ್ರೆ, ಒಂದು ಮಾತ್ರೆ, ಅದು ಒಗ್ಗದೆ ಇನ್ನೊಂದು, ಮೈ ಊದಿತು, ಕೈ ನಡುಗಿತು, ಕಡೆಗೆ ಒಂದು ಒಗ್ಗಿತು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂಡಿಸುವ ಕೆಲಸಕ್ಕೆ ಸೇರಿದ. ಸಂಜೆ ಊಟವಾದ ಮೇಲೆ ಅಮ್ಮ ಮಾತ್ರೆಯನ್ನು ಅಂಗೈಯಲ್ಲಿಟ್ಟು, ಅವನು ನುಂಗಿದ ಮೇಲೆ, “ಎಲ್ಲಿ, ಆ ಅನ್ನು. ಹೊಟ್ಟೆಗೆ ಹೋಯ್ತಾ, ಇಲ್ಲಾ ನಾಲಿಗೆ ಕೆಳಗೆ ಬಚ್ಚಿಟ್ಕೊಂಡಿದ್ದೀಯಾ?” ಎನ್ನುವಳು. ಅವನು ಇಪ್ಪತ್ತು ದಾಟಿದ ಗಂಡಸು, ಬಾಯಿ ಕಳೆದು ತೋರಿಸುವನು. ಇಬ್ಬರೂ ನಗುವರು.

ಆ ಅಮ್ಮ ಪಿತ್ತಕೋಶದ ಕಲ್ಲು ತೆಗೆಸಲು ಆಸ್ಪತ್ರೆಗೆ ಹೋಗಿ, ಸೋಂಕು ತಗುಲಿ, ತಿರುಗಿ ಬರಲಿಲ್ಲ. ಆ ಹೊತ್ತಿಗೆ ಗಂಟಲು ಫೋನನ್ನು ಹೊರಗೆ ಬಿಟ್ಟು ಪೆಟ್ಟಿಗೆಯೊಳಗೆ ಡ್ರ್ಯಾಗನ್ ಮೊಟ್ಟೆ ಒಡೆಯುವ ಅಧ್ಯಾಯ ಓದುತ್ತಿದ್ದಳು. ಅಮ್ಮನ ಹತ್ತಿರವಿದ್ದವನು ತಮ್ಮ.

ಅಕ್ಕ ತಮ್ಮ ಇಬ್ಬರೂ ಅಳಲಿಲ್ಲ. ಬ್ರೆಡ್ಡು ಮೊಟ್ಟೆ ತಿಂದರು, ಬಟ್ಟೆ ಒಗೆದರು, ಕೆಲಸಕ್ಕೆ ಹೋದರು. ಮಾತ್ರೆಯನ್ನು ಅಕ್ಕ ಅವನ ತಟ್ಟೆಯ ಪಕ್ಕದಲ್ಲಿಡುತ್ತಿದ್ದಳು. ಬಾಯಿ ತೆರೆ ಎಂದು ಹೇಳಲು ಅವಳಿಗೆ ನಾಚಿಕೆ.

ನೇರಳೆ ಕಣ್ಣಿನ ಪುಸ್ತಕ ಬಂದದ್ದು ಆಗ. ಧ್ವನಿಮುದ್ರಣದ ಮೊದಲ ದಿನ ಅದರ ಲೇಖಕಿಯೂ ಬಂದಳು. ಮೂವತ್ತರ ಆಸುಪಾಸು, ಒಳಗೂ ತೆಗೆಯದ ಕಪ್ಪು ಕನ್ನಡಕ, ಒಂದೊಂದು ವಾಕ್ಯದ ಕೊನೆಗೂ ತನಗೆ ತಾನೇ ಸಣ್ಣ ಬೆರಗು. ಗಾಜಿನ ಆಚೆಯಿಂದ ಮೈಕಿನಲ್ಲಿ ಅಂದಳು: “ಇಲ್ಲಿ ಸ್ವಲ್ಪ ಒಡೆದ ದನಿ ಬೇಕು ಮೇಡಂ. ಅವಳ ದುಃಖನೇ ಅವಳ ಶಕ್ತಿ. ನೋವಿಂದಾನೇ ಬೆಂಕಿ ಬರೋದು.”

“ದುಃಖ ಬಂದ್ರೆ ಜನ ಹಲ್ಲುಜ್ಜೋದು ಬಿಡ್ತಾರೆ” ಎಂದಳು ಗಂಟಲು. “ನಿಮ್ ರಾಜಕುಮಾರಿ ಹಲ್ಲುಜ್ಜೋದು ಎಲ್ಲಾದ್ರೂ ಬರುತ್ತಾ?”

ಲೇಖಕಿ ನಕ್ಕಳು. “ಇದು ಫ್ಯಾಂಟಸಿ ಅಲ್ವಾ ಮೇಡಂ.”

“ಹಾಗಾದ್ರೆ ಅವಳ ಬಾಯಿ ವಾಸನೆ ಡ್ರ್ಯಾಗನ್‌ಗೇ ಗೊತ್ತು ಬಿಡಿ.”

ಕಿವಿ ಕೆಮ್ಮಿ ನಗು ಮುಚ್ಚಿಕೊಂಡ.

ಸತ್ತ ರಾಣಿಯ ದೆವ್ವಕ್ಕೆ ದನಿ ಹುಡುಕುವುದರಲ್ಲಿ ಬೆಳಗೆಲ್ಲ ಹೋಯಿತು. ಗಂಟಲು ಶಾಲೆಯ ಹೆಡ್‌ಮಿಸ್ಸನ್ನು ಕೊಟ್ಟಳು. ಬೇಡ. ರೇಡಿಯೋದ ಹಳೆಯ ವಾರ್ತಾವಾಚಕಿಯನ್ನು ಕೊಟ್ಟಳು. ತುಂಬ ತಣ್ಣಗಾಯಿತು. “ನನಗೆ ನಿಜವಾದ ತಾಯಿ ಬೇಕು ಮೇಡಂ. ನಿಮಗೆ ಕಷ್ಟ ಆಗ್ತಿದ್ರೆ ಬೇರೆ ಯಾರನ್ನಾದ್ರೂ…”

ಬೇರೆ ಯಾರನ್ನಾದರೂ! ಅವಳು ಸೇಬು ಕಚ್ಚಿದಳು, ನುಂಗಿದಳು, ಬಾಯಿ ತೆರೆದಳು. ಅಮ್ಮ ಹೊರಗೆ ಬಂದಳು. ಪ್ರತಿ ವಾಕ್ಯಕ್ಕೂ ಮುಂಚೆ ಏನೋ ಭಾರ ಎತ್ತುವವಳ ಹಾಗೆ ಅಮ್ಮ ತೆಗೆದುಕೊಳ್ಳುತ್ತಿದ್ದ ಆ ಸಣ್ಣ ಉಸಿರು, ಲಾಂಡ್ರಿಯ ಯಂತ್ರಗಳ ಮೇಲೆ ಕೂಗಿ ಕೂಗಿ ಅಂಚು ಸವೆದ ಆ ದನಿ. “ಅದು ಕಾಯಿಲೆಯಲ್ಲ ಕಂದಾ. ಅದು ನಿನ್ನ ಶಕ್ತಿ. ಅವರು ಕೊಡುವ ಬೂದು ಗುಳಿಗೆಯನ್ನು ಉಗಿ. ನಾನು ನಿನ್ನ ಜೊತೆಗಿದ್ದೇನೆ.”

ಲೇಖಕಿ ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಅಷ್ಟು ಹಗುರವಾಗಿ ಕಣ್ಣೀರು ಬರುವವರನ್ನು ನೋಡಿದರೆ ಹೊಟ್ಟೆಕಿಚ್ಚಾಗಬೇಕು.

“ಅಕ್ಕಾ, ಇದ್ಯಾರು?” ಎಂದ ಕಿವಿ.

“ಯಾರೂ ಅಲ್ಲ. ಮುಂದಿನ ಸಾಲು ನಡಿ.”

ಆಮೇಲೆ ಅವಳಿಗೆ ರಾಣಿಯ ಪುಟಗಳ ಮೇಲೆ ಆಸೆ ಹುಟ್ಟಿತು. ಸರಿಯಾಗಿ ಬಂದ ಸಾಲನ್ನೂ ‘ಇನ್ನೊಂದ್ಸಲ ಮಾಡೋಣ’ ಎಂದು ತಾನೇ ಕೇಳುತ್ತಿದ್ದಳು. ಆ ಸ್ಪಂಜಿನ ಪೆಟ್ಟಿಗೆಯಲ್ಲಿ ಹೆಡ್‌ಫೋನು ಹಾಕಿಕೊಂಡರೆ ಅಮ್ಮ ಅವಳ ಕಿವಿಯ ಪಕ್ಕದಲ್ಲೇ ಉಸಿರಾಡುತ್ತಿದ್ದಳು. ಮಾತು ಯಾವ ಮೂರ್ಖಳದ್ದಾದರೇನು, ದನಿ ಅಮ್ಮನದಲ್ಲವೇ? ಹೀಗೆಂದುಕೊಂಡಳು ನಮ್ಮ ಜಾಣೆ. ಜಗತ್ತಿನ ಪುಸ್ತಕಗಳನ್ನೆಲ್ಲ ಹೀಯಾಳಿಸಿದವಳಿಗೆ, ದನಿ ಅಮ್ಮನದಾದರೆ ಮಾತೂ ಅಮ್ಮನದೇ ಆಗಿಬಿಡುತ್ತದೆ ಎಂಬಷ್ಟು ಹೊಳೆಯಲಿಲ್ಲ.

ತಮ್ಮ ಅವಳ ಪುಸ್ತಕಗಳನ್ನೆಲ್ಲ ಕೇಳುತ್ತಿದ್ದ. ಗಾಜು ಉಜ್ಜುತ್ತ ಉಜ್ಜುತ್ತ ಕಿವಿಗೆ ಹಾಕಿಕೊಂಡಿರುತ್ತಿದ್ದ. ಮನೆಯಲ್ಲಿ ಅದರ ಮಾತೆತ್ತುತ್ತಿರಲಿಲ್ಲ. ಕೆಲಸದ ವಿಷಯ ಊಟದ ಮೇಜಿಗೆ ತರಬೇಡಿ ಎಂಬುದು ಅಮ್ಮನ ಕಾಲದ ಕಟ್ಟಳೆ.

ಪುಸ್ತಕ ಬಿಡುಗಡೆಯಾಗಿ ಕೆಲವು ವಾರಗಳಾಗಿದ್ದವು. ಅವನು ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದ. ಬೆಳಗ್ಗೆ ಅವನ ಹಾಸಿಗೆ ಮಡಚಿದ್ದು ಮಡಚಿದಂತೆಯೇ ಇರುತ್ತಿತ್ತು. ಮುಖದಲ್ಲಿ ಮಾತ್ರ ಒಂದು ಗೆಲುವು. ಅಂಗಡಿಯವನು ಫೋನ್ ಮಾಡಿ, ಗಿರಾಕಿಗಳು ನೋಡಿಕೊಳ್ಳುವ ಕನ್ನಡಿಗಳನ್ನೆಲ್ಲ ನಿಮ್ಮ ತಮ್ಮ ಗೋಡೆ ಕಡೆ ತಿರುಗಿಸಿಟ್ಟಿದ್ದಾನೆ ಎಂದ. ಅದೇ ದಿನ ಬಚ್ಚಲ ಜಾಲರಿಗೆ ಅಂಟಿ ಕರಗಿ ನಿಂತ ಬಿಳಿ ಮಾತ್ರೆಗಳು ಅವಳ ಕಣ್ಣಿಗೆ ಬಿದ್ದವು.

“ಏನೋ ಇದು?”

ಅವನು ಸಂತೋಷವಾಗಿಯೇ ಹೇಳಿದ. “ಇನ್ನು ಬೇಡ ಅಕ್ಕಾ. ಅಮ್ಮ ಬಂದಿದ್ಲು. ಅದು ಕಾಯಿಲೆ ಅಲ್ಲ ಕಂದಾ ಅಂದ್ಲು. ಉಗಿ ಅಂದ್ಲು.”

ಅವಳಿಗೆ ಸಾಲು ಗುರುತು ಹತ್ತಿತು. ಎಷ್ಟನೆಯ ಅಧ್ಯಾಯ ಎಂಬುದೂ ಗೊತ್ತಾಯಿತು. 

“ಅದು ಪುಸ್ತಕ ಕಣೋ. ನಾನು ಓದಿದ್ದು.”

“ನೀನು ಓದಿದ್ದು ಬೇರೆ. ಮಧ್ಯೆ ಮಧ್ಯೆ ಅಮ್ಮ ಬರ್ತಾಳೆ. ಈಗ ಪುಸ್ತಕ ನಿಲ್ಸಿದ್ರೂ ಬರ್ತಾಳೆ.”

ಮಾತ್ರೆ ನುಂಗು ಎಂದರೆ ನಗುತ್ತ ತಲೆಯಾಡಿಸಿದ. ಡಾಕ್ಟರ ಹತ್ತಿರ ಹೋಗೋಣ ಎಂದರೆ, ಅರಮನೆ ವೈದ್ಯರ ಹತ್ತಿರವಾ ಎಂದ. ಹೀಗೇ ಬಿಟ್ಟರೆ ಅವನು ಮತ್ತೆ ಬಚ್ಚಲುಮನೆಯ ಕತ್ತಲಿಗೇ ಹೋಗುವವನು. ಈ ಸಲ ಬಾಗಿಲಾಚೆ ಕೂರುವ ಅಮ್ಮನಿಲ್ಲ.

ಸುದ್ದಿ ತಿಳಿದು ಚಿಕ್ಕಮ್ಮ ಮಹಡಿಯಿಂದ ಇಳಿದು ಬಂದಳು. ಪುಸ್ತಕದ ಆ ಜಾಗ ಹಾಕಿಸಿಕೊಂಡು ಕೇಳಿದಳು. ಸತ್ತ ತನ್ನಕ್ಕನ ದನಿ ಕೇಳಿ ಒಂದು ಗಳಿಗೆ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ತನ್ನ ಎಂದಿನ ವ್ಯವಹಾರಬುದ್ಧಿಗೆ ಬಂದಳು. “ಅಲ್ಲ ಕಣೇ, ಇಷ್ಟು ಚೆನ್ನಾಗಿ ಬರುತ್ತಲ್ಲಾ ನಿಂಗೆ. ಅವಳ ಕೈಲೇ ಹೇಳ್ಸು. ‘ನುಂಗು ಕಂದಾ’ ಅಂತ ಒಂದು ಸಲ ಫೋನಲ್ಲಿ ಮಾಡಿ ಹಾಕು. ಗುಳುಂ ಅಂತ ನುಂಗ್ತಾನೆ. ಮುಗೀತಲ್ಲ.”

“ನಾಳೆ ಅದೇ ದನಿ ಬಾಲ್ಕನಿಯಿಂದ ಹಾರು ಅಂದ್ರೆ?”

“ಥೂ, ನೀನ್ಯಾಕೆ ಹಾಗನ್ತೀಯಾ?”

“ನಾನನ್ನಲ್ಲ ಚಿಕ್ಕಮ್ಮಾ. ಅವನ ತಲೆಯೊಳಗೆ ಅನ್ನೋರಿಗೆ ನಾನೇ ದನಿ ಹೊಂದ್ಸಿ ಕೊಟ್ಟಿದ್ದೀನಿ. ಇನ್ನೂ ಚೆನ್ನಾಗಿ ಹೊಂದ್ಸಿ ಕೊಡ್ಲಾ?”

“ಓದಿ ಓದಿ ನಿಂಗೂ ಹುಚ್ಚು ಹಿಡೀತು” ಎಂದು ಚಿಕ್ಕಮ್ಮ ಕೂತಲ್ಲೇ ಕೂತಳು. ಮೇಲೆ ಹೋಗಲಿಲ್ಲ. ತಮ್ಮನಿಗೆ ಕಾವಲು ಬೇಕು ಎನ್ನುವಷ್ಟು ಬುದ್ಧಿ ಅವಳಿಗಿತ್ತು.

ಗಂಟಲು ಸ್ಟುಡಿಯೋಗೆ ಹೋದಳು. ಅಲ್ಲಿ ಎರಡನೆಯ ಭಾಗದ ಒಪ್ಪಂದಕ್ಕೆಂದು ಲೇಖಕಿಯೂ ಬಂದು ಕೂತಿದ್ದಳು. ಆ ಒಂದು ಪುಟವನ್ನು ಮತ್ತೆ ಓದಿಸಿ, ಬೇರೆ ದನಿಯಲ್ಲಿ, ಅಥವಾ ತೆಗೆದೇ ಹಾಕಿ ಎಂದು ಇವಳು ಕೇಳಿದಳು. ಮನೆಯ ಸಂಗತಿಯನ್ನೂ ಹೇಳಿದಳು. ಅದನ್ನು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಪದಗಳು ತಡವರಿಸಿದವು.

ಲೇಖಕಿ ತಲೆ ಓರೆ ಮಾಡಿಕೊಂಡು ಕೇಳಿದಳು. ಅವಳ ಮುಖದಲ್ಲಿ ಕನಿಕರವಿತ್ತು, ಅದರ ಹಿಂದೆಯೇ ಮುಂದಿನ ಪುಸ್ತಕಕ್ಕೆ ಏನಾದರೂ ಸಿಕ್ಕಿತೇ ಎಂಬ ಲೆಕ್ಕವೂ ಇತ್ತು. “ತುಂಬಾ ಬೇಜಾರಾಯ್ತು ಮೇಡಂ. ಆದ್ರೆ ಆ ಗುಳಿಗೆ ರೂಪಕ. ಸಮಾಜ ನಮ್ಮನ್ನ ಮಂಕು ಮಾಡುತ್ತಲ್ಲಾ, ಅದು. ನನ್ನ ಓದುಗರಿಗೆ ಗೊತ್ತಾಗುತ್ತೆ.”

“ನನ್ನ ತಮ್ಮನ ಬಚ್ಚಲಲ್ಲಿ ಸಿಕ್ಕಿದ್ದು ರೂಪಕ ಅಲ್ಲ.”

“ದಿನಾ ಎಷ್ಟು ಮೆಸೇಜ್ ಬರ್ತವೆ ಗೊತ್ತಾ? ನಿಮ್ಮ ಪುಸ್ತಕ ನನ್ನ ಜೀವ ಉಳಿಸ್ತು ಅಂತ ಹುಡುಗೀರು ಬರೀತಾರೆ.”

“ಉಳೀದೇ ಇದ್ದೋರು ಮೆಸೇಜ್ ಕಳ್ಸಲ್ಲ.”

ಲೇಖಕಿಯ ಮುಖ ಬಿಳಚಿತು. ಮಾಲೀಕ ಮಧ್ಯೆ ಬಾಯಿ ಹಾಕಿ, ಕೇಳುಗರಿಗೆ ಇಷ್ಟವಾಗಿರುವುದೇ ರಾಣಿ, ಎರಡನೆಯ ಭಾಗದಲ್ಲಿ ರಾಣಿಗೆ ಇನ್ನೂ ಹೆಚ್ಚು ಪುಟಗಳಿವೆ, ಇದೇ ದನಿ ಬೇಕು ಎಂದ. “ರಾಣಿ ಸತ್ತಿದ್ದಾಳೆ” ಎಂದಳು ಇವಳು. “ಸತ್ತೋಳ ಹತ್ರ ಎಷ್ಟು ಅಂತ ಕೆಲಸ ಮಾಡಿಸ್ತೀರಿ?” ಎದ್ದು ಬಂದಳು. ಕಿವಿ ಅವಳ ಹಿಂದೆಯೇ ಮೆಟ್ಟಿಲವರೆಗೆ ಬಂದು ಅವಳ ಚಪ್ಪಲಿ ತಂದು ಮುಂದಿಟ್ಟ. ಬರಿಗಾಲಲ್ಲೇ ಹೊರಟುಬಿಟ್ಟಿದ್ದಳು.

ಮನೆಯಲ್ಲಿ ಅಡುಗೆಮನೆಯ ಮೇಜಿನ ಮುಂದೆ ತಮ್ಮ ಕೂತಿದ್ದ, ಕಿವಿಯಲ್ಲಿ ಪುಸ್ತಕ. ಬಿಸಿಲು ಮೇಜಿನ ಮೇಲಿತ್ತು. ಚಿಕ್ಕಮ್ಮ ಒಲೆಯ ಹತ್ತಿರ ಚಹಾ ಸೋಸುತ್ತಿದ್ದಳು. ಗಂಟಲು ಅವನೆದುರು ಕೂತು, ಕಿವಿಯಿಂದ ಅದನ್ನು ತೆಗೆಯಲು ಸನ್ನೆ ಮಾಡಿದಳು.

“ನೋಡ್ತಾ ಇರು. ನನ್ನ ಬಾಯಿ ನೋಡ್ತಾ ಇರು.”

ಮೊದಲು ಡ್ರ್ಯಾಗನ್ ಮಾಡಿದಳು. ಆಮೇಲೆ ಮಾಂತ್ರಿಕ. ಮಂತ್ರಿಯ ಎರಡು ಸಾಲು ಬರುವಷ್ಟರಲ್ಲಿ ಚಹಾ ಸೋಸುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. “ಏಯ್! ಅದು ನಾನಾ? ಆ ಹಾಳು ಮಂತ್ರಿ ನಾನೇನೇ?”

“ಹೂಂ ಚಿಕ್ಕಮ್ಮಾ.”

“ಅಯ್ಯೋ ನಿನ್ನ ಗಂಟಲಿಗಿಷ್ಟು ಬೆಂಕಿ ಹಾಕ!”

ತಮ್ಮ ನಕ್ಕ. ಬಹಳ ದಿನಗಳ ಮೇಲೆ ಬಂದ, ಅವನದೇ ಹಳೆಯ ನಗು. ಅದು ಇನ್ನೂ ಮುಖದ ಮೇಲಿರುವಾಗಲೇ ಅವಳು ಹೇಳಿದಳು: “ಈಗ ಇದು. ನಾಲಿಗೆ ಹೀಗೆ ಹಿಂದಕ್ಕೆ ತಗೋತೀನಿ. ಉಸಿರು ಮೊದಲು, ಏನೋ ಎತ್ತೋ ಹಾಗೆ.” ಎಲ್ಲವನ್ನೂ ಬಿಚ್ಚಿ ತೋರಿಸಿ, ಅಮ್ಮನ ದನಿಯಲ್ಲಿ ರಾಣಿಯ ಸಾಲನ್ನು ಹೇಳಿದಳು. ಬಿಸಿಲಲ್ಲಿ, ತಲೆ ಬಾಚದ, ಬೆವರಿದ ಅಕ್ಕನ ಬಾಯಿಂದ ಅಮ್ಮ ಬಂದಳು.

ಅವನ ನಗು ಹೋಯಿತು.

“ನೀನು ಅಮ್ಮನ್ನ ಬಾಡಿಗೆಗೆ ಬಿಟ್ಟಿದ್ದೀಯಾ” ಎಂದ. “ಯಾರ್ಯಾರೋ ಬಸ್ಸಲ್ಲಿ ಕೂತ್ಕೊಂಡು ಅಮ್ಮನ್ನ ಕೇಳ್ತಾರೆ. ಮನೇಲಿ ನನಗೆ ಒಂದಿನಾನೂ ಕೇಳಿಸ್ಲಿಲ್ಲ.”

ಅವಳು ತಲೆ ತಗ್ಗಿಸಿದಳು. 

“ಆದ್ರೂ” ಎಂದ ಅವನು, ಗಾಜಿನಲ್ಲಿ ಗೀರು ಹುಡುಕುವಾಗಿನ ಮುಖ ಮಾಡಿಕೊಂಡು, “ನಿಂಗೆ ಅಮ್ಮನ ಹಾಗೆ ಮಾತಾಡೋಕೆ ಬರುತ್ತೆ ಅಂದ ಮಾತ್ರಕ್ಕೆ ಅಮ್ಮ ಮಾತಾಡಲ್ಲ ಅಂತ ಹೇಗಾಗುತ್ತೆ?”

 ತರ್ಕ ಸರಿಯಾಗಿಯೇ ಇತ್ತು. ಅವನ ಕಾಯಿಲೆ ಎಂದೂ ದಡ್ಡ ಕಾಯಿಲೆಯಾಗಿರಲಿಲ್ಲ.

“ಹಾಗಾದ್ರೆ ಹೇಳು” ಎಂದು ಅವನೇ ಮುಂದುವರಿಸಿದ. “ಆಸ್ಪತ್ರೇಲಿ ಕೊನೇಗೆ ಅಮ್ಮ ನಂಗೆ ಏನಂದ್ಲು?”

ಒಂದು ಕ್ಷಣ ಅವಳ ನಾಲಿಗೆ ತಾನಾಗಿಯೇ ಹಿಂದಕ್ಕೆ ಹೋಯಿತು. ಏನಾದರೂ ಹೇಳಿಬಿಡಬಹುದಿತ್ತು. ಅಂಥ ಸಾಲುಗಳಿಗೆ ಅವಳ ತಲೆಯಲ್ಲಿ ಬರವಿರಲಿಲ್ಲ. ಸಾಯುವ ಎಷ್ಟು ಜನ ತಾಯಂದಿರನ್ನು ಓದಿದ್ದಳು! ಎಲ್ಲರೂ ಸೊಗಸಾಗಿ ಮಾತಾಡಿ ಸತ್ತವರೇ.

“ನಂಗೆ ಗೊತ್ತಿಲ್ಲ ಕಣೋ” ಎಂದಳು ತನ್ನ ದನಿಯಲ್ಲಿ. “ನಾನು ಅಲ್ಲಿರ್ಲಿಲ್ಲ.”

“ಅವಳಿಗೆ ಗೊತ್ತಿರುತ್ತೆ.” ಫೋನು ತೋರಿಸಿದ.

“ಕೇಳಿ ನೋಡು.”

ಅವನು ಇಯರ್‌ಫೋನು ಹಾಕಿಕೊಂಡು, ರಾಣಿ ಬರುವ ಜಾಗ ಹುಡುಕಿ, ಗಂಭೀರವಾಗಿ ಕೇಳಿದ: “ಅಮ್ಮಾ, ಆಸ್ಪತ್ರೇಲಿ ನಂಗೇನಂದೆ?” ಕಣ್ಣು ಮುಚ್ಚಿ ಕೂತ. ಚಿಕ್ಕಮ್ಮ ಸೋಸಣಿಗೆ ಹಿಡಿದು ನಿಂತೇ ಇದ್ದಳು. ಅವನು ಮತ್ತೆ ಕೇಳಿದ, ಸ್ವಲ್ಪ ಜೋರಾಗಿ. ಮತ್ತೆ ಕಾದ. ಆಮೇಲೆ ನಿಧಾನವಾಗಿ ಅದನ್ನು ಕಿವಿಯಿಂದ ತೆಗೆದ.

“ಸಿಂಹಾಸನ ಅಂತಿದ್ದಾಳೆ” ಎಂದ. “ನಾನು ಕೇಳ್ತಾನೇ ಇದ್ದೀನಿ, ಅವಳು ಸಿಂಹಾಸನ ಏರು ಅಂತಾನೇ ಇದ್ದಾಳೆ.”

ಕೈಯಲ್ಲಿದ್ದ ಇಯರ್‌ಫೋನನ್ನು ಮೇಜಿನ ಮೇಲಿಟ್ಟ.

“ಅಮ್ಮ ಸಾಕ್ಸ್ ಹಾಕ್ಕೋ ಅಂದಿದ್ದು” ಎಂದ ಅವನು. “ವಾರ್ಡ್ ನೆಲ ತಣ್ಣಗಿದೆ, ಸಾಕ್ಸ್ ಹಾಕ್ಕೋ ಅಂದ್ಲು. ನಾನು ಆಮೇಲೆ ಹಾಕ್ಕೋತೀನಿ ಅಂದೆ.”

ಅಳು ಅವನ ಹೊಟ್ಟೆಯಿಂದ ಬಂತು, ವಾಂತಿಯ ಹಾಗೆ, ಮೂಗು ಬಾಯಿ ಒಂದಾಗಿ. ಅಕ್ಕನಿಗೂ ಬಂತು. ನೋಡಲು ಚೆನ್ನಾಗಿರಲಿಲ್ಲ. ಕೋಣೆಯಲ್ಲಿ ಏನೂ ಹೊತ್ತಿಕೊಳ್ಳಲಿಲ್ಲ. ಚಿಕ್ಕಮ್ಮ ಇಬ್ಬರ ಮುಖವನ್ನೂ ಒಂದೇ ಟವೆಲಿನಲ್ಲಿ ಒರಟಾಗಿ ಒರೆಸಿ, “ಚಹಾ ಆರೋಯ್ತು, ಕುಡೀರಿ” ಎಂದು ಗದರಿದಳು.

ಅವನು ಮಾತ್ರೆ ನುಂಗಲಿಲ್ಲ. ಪುಸ್ತಕ ನಿಲ್ಲಿಸಿದರೂ ಬರುವ ಆ ಇನ್ನೊಬ್ಬಳು ಇನ್ನೂ ಅಲ್ಲೇ ಇದ್ದಳು, ಅದನ್ನು ಅವನು ಮುಚ್ಚಿಡಲೂ ಇಲ್ಲ. ಆದರೆ ಚಹಾ ಮುಗಿದ ಮೇಲೆ ಹೇಳಿದ: “ಬೆಳಗ್ಗೆ ಡಾಕ್ಟರ ಹತ್ರ ಬರ್ತೀನಿ. ಆದ್ರೆ ನೀನು ಮಾತಾಡ್ಬಾರ್ದು. ದಾರೀಲೂ ಆಡ್ಬಾರ್ದು, ಅಲ್ಲೂ ಆಡ್ಬಾರ್ದು. ನೀನು ಬಾಯಿ ತೆಗೆದ್ರೆ ಯಾರು ಬರ್ತಾರೋ ನಂಗೆ ಭಯ.”

ಅವಳು ಆಗಲಿ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡು ತಲೆಯಾಡಿಸಿದಳು.

ಬಸ್ಸಿನಲ್ಲಿ ಟಿಕೆಟನ್ನು ಅವನೇ ಕೇಳಿ ಕೊಂಡ. ಎದುರು ಸೀಟಿನ ಹುಡುಗಿಯೊಬ್ಬಳು ಕಿವಿಯಲ್ಲಿ ಏನನ್ನೋ ಕೇಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಕ್ಕ ಮುಖ ಕಿಟಕಿಗೆ ತಿರುಗಿಸಿದಳು. ಆಸ್ಪತ್ರೆಯ ಕೌಂಟರಿನವಳು ಅಕ್ಕನನ್ನೇ ನೋಡಿ, “ಯಾರಿಗೆ? ಏನು ತೊಂದರೆ?” ಎಂದಳು. ಅಕ್ಕ ಪಕ್ಕಕ್ಕೆ ಸರಿದಳು.

“ಏನಮ್ಮಾ, ಮಾತು ಬರಲ್ವಾ?”

“ಅವಳಿಗೆ ಬರುತ್ತೆ” ಎಂದ ತಮ್ಮ. “ನನಗೇ ತೊಂದರೆ. ನಾನೇ ಹೇಳ್ತೀನಿ.”

 ಆ ಕಡೆ ಈ ಕಡೆ ನೋಡಿ, ಯಾರದೋ ಮಾತು ಮುಗಿಯಲೆಂದು ಕಾಯುವವನ ಹಾಗೆ ಒಂದು ಗಳಿಗೆ ನಿಂತ. ಆಮೇಲೆ, ಅಷ್ಟೇನೂ ಚೆನ್ನಾಗಿಲ್ಲದ, ಒಣಗಿದ, ಅಲ್ಲಲ್ಲಿ ತಡೆಯುವ ತನ್ನ ಸ್ವಂತ ದನಿಯಲ್ಲಿ ಹೇಳಿದ: “ಮಾತ್ರೆ ಬಿಟ್ಟುಬಿಟ್ಟೆ. ಮತ್ತೆ ಶುರು ಮಾಡ್ಬೇಕು.”